ಸೂರ್ಯನ ಕಡೆಗೇ ಮುಖ!

ಬೇಸಿಗೆ ಬಂತೆಂದರೆ ತಾರಸಿಯ ಮೇಲೆ ಅಜ್ಜಿಯದೇ ಆಡಳಿತ. ಹಳೆಯ ಪಂಚೆ ಹಾಸಿ, ಸಾಲಾಗಿ ಸಂಡಿಗೆ ಇಟ್ಟು, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಹೇರಿ, ಕಾಗೆ ಓಡಿಸಲು ಮೊಮ್ಮಕ್ಕಳನ್ನು ಕೂರಿಸಿದರೆ ಕೆಲಸ ಮುಗಿಯಿತು ಎಂದುಕೊಂಡರೆ ತಪ್ಪು. ಬೆಳಿಗ್ಗೆ ಹತ್ತಕ್ಕೆ ಚುರುಗುಟ್ಟುವ ಬಿಸಿಲಿದ್ದ ಜಾಗದಲ್ಲಿ ಮಧ್ಯಾಹ್ನ ಮೂರಕ್ಕೆ ನೀರಿನ ಟ್ಯಾಂಕಿನ ನೆರಳು ಬಿದ್ದಿರುತ್ತದೆ. ಊಟ ಮುಗಿಸಿ ಒಂದು ಕೋಳಿನಿದ್ದೆ ತೆಗೆದ ಅಜ್ಜಿ ಮತ್ತೆ ಮೆಟ್ಟಿಲು ಹತ್ತಿ ಬಂದು ಎಲ್ಲವನ್ನೂ ಬಿಸಿಲಿನ ಕಡೆಗೆ ಎಳೆಯುತ್ತಾರೆ. ಮೆಣಸಿನಕಾಯಿಯ ಮೊರವನ್ನಂತೂ ನೆಲಕ್ಕೆ ಅಂಟಿಸಿ ಇಡುವುದೇ ಇಲ್ಲ. ಒಂದು ಬದಿಗೆ ಇಟ್ಟಿಗೆ ಕೊಟ್ಟು ಸೂರ್ಯನ ಕಡೆಗೆ ಓರೆ ಮಾಡುತ್ತಾರೆ. ಮಧ್ಯಾಹ್ನದ ಮೇಲೆ ಇಟ್ಟಿಗೆ ಈ ಬದಿಯಿಂದ ಆ ಬದಿಗೆ ಹೋಗುತ್ತದೆ. ಮನೆಯ ಬೆಕ್ಕೂ ಅಷ್ಟೆ. ಚಳಿಗಾಲದಲ್ಲಿ ಕಿಟಕಿಯ ಬಿಸಿಲು ಎಲ್ಲಿ ಸರಿಯುತ್ತದೋ ಅಲ್ಲಿಗೆ ತಾನೂ ಸರಿಯುತ್ತದೆ.

ಅಜ್ಜಿ ಮತ್ತು ಬೆಕ್ಕಿಗೆ ಗೊತ್ತಿರುವ ಈ ಉಪಾಯವನ್ನೇ ಮಾಡುವ ಯಂತ್ರವೊಂದಿದೆ. ಅದರ ಹೆಸರು ಸೋಲಾರ್ ಟ್ರ್ಯಾಕರ್. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ನಿಂತ ಸೌರಫಲಕವನ್ನು ಮೆಲ್ಲಮೆಲ್ಲನೆ ತಿರುಗಿಸಿ ಸಂಜೆಗೆ ಪಶ್ಚಿಮಕ್ಕೆ ಮುಖ ಮಾಡಿಸುವುದು ಅದರ ಕೆಲಸ. ಇಷ್ಟಕ್ಕೇ ಒಂದು ಯಂತ್ರ ಬೇಕೇ? ತಿರುಗಿಸಿದರೆ ಎಷ್ಟು ಲಾಭ? ನಮ್ಮ ಮನೆಯ ಮೇಲಿನ ಫಲಕ ಏಕೆ ತಿರುಗುವುದಿಲ್ಲ? ನೋಡೋಣ ಬನ್ನಿ.

ನೇರ ಬಿಸಿಲು, ಓರೆ ಬಿಸಿಲು

ಜೋರು ಗಾಳಿಯಲ್ಲಿ ಮಳೆ ಓರೆಯಾಗಿ ಬೀಳುವಾಗ ಅಂಗಳದಲ್ಲಿ ಬಕೆಟ್ಟನ್ನು ನೆಟ್ಟಗೆ ಇಟ್ಟು ನೋಡಿ. ಅದರ ಬಾಯಿಗೆ ಬೀಳುವ ಹನಿಗಳು ಕಡಿಮೆ. ಮಳೆ ಬರುವ ದಿಕ್ಕಿಗೆ ಬಕೆಟ್ಟನ್ನು ಬಾಗಿಸಿದರೆ ಅದೇ ಬಾಯಿಗೆ ಹೆಚ್ಚು ಹನಿ ಸಿಗುತ್ತವೆ. ಬಿಸಿಲೂ ಹೀಗೆಯೇ. ಫಲಕದ ಅಗಲ ಬದಲಾಗುವುದಿಲ್ಲ. ಆದರೆ ಸೂರ್ಯನ ಕಡೆಯಿಂದ ನೋಡಿದರೆ, ಎದುರು ನಿಂತ ಫಲಕ ಅಗಲವಾಗಿಯೂ ಓರೆಯಾಗಿ ನಿಂತ ಫಲಕ ಕಿರಿದಾಗಿಯೂ ಕಾಣುತ್ತದೆ. ಕಿರಿದಾಗಿ ಕಂಡಷ್ಟೂ ಅದರ ಪಾಲಿಗೆ ಬರುವ ಬಿಸಿಲು ಕಡಿಮೆ.

ಎಷ್ಟು ಕಡಿಮೆ? ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಓದುವ ಅಕ್ಕ ಅಥವಾ ಅಣ್ಣನನ್ನು ಕೇಳಿ. ಕೊಸೈನ್ ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಫಲಕ ಸೂರ್ಯನಿಗೆ ನೇರ ಎದುರಾಗಿದ್ದರೆ ನೂರಕ್ಕೆ ನೂರು. 10 ಡಿಗ್ರಿ ಓರೆಯಾದರೆ 98ಕ್ಕಿಂತ ತುಸು ಹೆಚ್ಚು. ನಷ್ಟ ಗೊತ್ತೇ ಆಗುವುದಿಲ್ಲ. 30 ಡಿಗ್ರಿಗೆ ಸುಮಾರು 87. 45 ಡಿಗ್ರಿಗೆ ಸುಮಾರು 71. 60 ಡಿಗ್ರಿಗೆ ಸರಿಯಾಗಿ ಅರ್ಧ. ಅಂದರೆ, ಓರೆ ಹೆಚ್ಚಿದಂತೆ ನಷ್ಟ ಮೊದಲು ನಿಧಾನವಾಗಿ, ಆಮೇಲೆ ದಡದಡನೆ ಏರುತ್ತದೆ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇವುಗಳಿಂದ ಒಂದು ಕೆಲಸವಿದೆ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ. ಆದ್ದರಿಂದ ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿದಂತೆ ನಮಗೆ ಕಾಣುತ್ತದೆ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ನಡುಹಗಲಿನ ಸೂರ್ಯನಿಗೆ ಎದುರಾಗಿ ಕೂರಿಸಿದ ಫಲಕಕ್ಕೆ, ಅದಕ್ಕೆ ನಾಲ್ಕು ಗಂಟೆ ಮೊದಲು ಮತ್ತು ನಾಲ್ಕು ಗಂಟೆ ನಂತರ ಬಿಸಿಲು 60 ಡಿಗ್ರಿ ಓರೆ. ಸೂರ್ಯ ಕಣ್ಣ ಮುಂದೆಯೇ ಇದ್ದಾನೆ, ಫಲಕಕ್ಕೆ ಸಿಗುವುದು ಅರ್ಧ ಮಾತ್ರ!

ಸೂರ್ಯನಿಗೆ ಎರಡು ಓಟ

ಸೂರ್ಯನದು ಒಂದೇ ಓಟವಲ್ಲ. ದಿನವೂ ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದು ಒಂದು. ವರ್ಷಕ್ಕೊಮ್ಮೆ ದಕ್ಷಿಣದಿಂದ ಉತ್ತರಕ್ಕೆ ಹೋಗಿ ಮರಳಿ ಬರುವುದು ಇನ್ನೊಂದು. ಎರಡನೆಯದನ್ನು ಅಜ್ಜ ಉತ್ತರಾಯಣ, ದಕ್ಷಿಣಾಯನ ಎನ್ನುತ್ತಾರೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುತ್ತಾನೆ. ಜೂನ್ 21ರ ಸುಮಾರಿಗೆ ನೆತ್ತಿಯನ್ನೂ ದಾಟಿ ಉತ್ತರಕ್ಕೆ ಸುಮಾರು 10 ಡಿಗ್ರಿ ಹೋಗಿರುತ್ತಾನೆ. ಈ ನಡುವೆ ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸರಿಯಾಗಿ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದಕ್ಕೇ ಆ ದಿನಗಳಿಗೆ ‘ಶೂನ್ಯ ನೆರಳಿನ ದಿನ’ ಎಂಬ ಹೆಸರು.

ಉತ್ತರ–ದಕ್ಷಿಣದ ಓಟ ಆರು ತಿಂಗಳಿಗೆ ಸುಮಾರು 47 ಡಿಗ್ರಿ. ಪೂರ್ವ–ಪಶ್ಚಿಮದ ಓಟ ಒಂದೇ ಹಗಲಿಗೆ 180 ಡಿಗ್ರಿ. ಯಾವುದನ್ನು ಹಿಂಬಾಲಿಸಿದರೆ ಲಾಭ ಹೆಚ್ಚು ಎಂಬುದು ಇಲ್ಲೇ ಗೊತ್ತಾಗುತ್ತದೆ. ಆದ್ದರಿಂದ ದೊಡ್ಡ ಸೌರ ವಿದ್ಯುತ್ ಸ್ಥಾವರಗಳಲ್ಲಿ ಹೆಚ್ಚಾಗಿ ಬಳಸುವುದು ಒಂದೇ ಅಚ್ಚಿನ ಟ್ರ್ಯಾಕರ್. ಉತ್ತರದಿಂದ ದಕ್ಷಿಣಕ್ಕೆ ಉದ್ದವಾದ ಒಂದು ಉಕ್ಕಿನ ಕೊಳವೆ, ಅದರ ಮೇಲೆ ಸಾಲಾಗಿ ಫಲಕಗಳು, ಕೊಳವೆಯನ್ನು ಉರುಳಿಸುವ ಮೋಟರ್. ಕೊಳವೆ ಉರುಳಿದರೆ ಇಡೀ ಸಾಲು ಪೂರ್ವದಿಂದ ಪಶ್ಚಿಮಕ್ಕೆ ವಾಲುತ್ತದೆ. ಎರಡು ಅಚ್ಚಿನ ಟ್ರ್ಯಾಕರ್ ಎರಡೂ ಓಟಗಳನ್ನು ಹಿಂಬಾಲಿಸಿ ಸದಾ ಸೂರ್ಯನಿಗೆ ನೇರ ಎದುರಾಗಿರುತ್ತದೆ, ಆದರೆ ಖರ್ಚೂ ರಿಪೇರಿಯೂ ಹೆಚ್ಚು.

ಕಾಗದದ ಮೇಲಿನ ಲೆಕ್ಕದಲ್ಲಿ ತಿರುಗುವ ಫಲಕಕ್ಕೆ ಸಿಗುವ ಬಿಸಿಲು ಸುಮಾರು ಒಂದೂವರೆ ಪಟ್ಟು. ನಿಜದಲ್ಲಿ ಅಷ್ಟಿಲ್ಲ. ಬೆಳಗು–ಸಂಜೆಯ ಬಿಸಿಲು ಗಾಳಿಯ ದಪ್ಪ ಪದರವನ್ನು ಹಾದು ಬರುವುದರಿಂದ ಅದೇ ಸೊರಗಿರುತ್ತದೆ. ಹೀಗಾಗಿ ಒಂದು ಅಚ್ಚಿನ ಟ್ರ್ಯಾಕರಿನಿಂದ ವರ್ಷದ ವಿದ್ಯುತ್ತಿನಲ್ಲಿ ಸಿಗುವ ಹೆಚ್ಚಳ ಸಾಮಾನ್ಯವಾಗಿ ಶೇ 15ರಿಂದ 25. ಎರಡು ಅಚ್ಚಿನದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಮೋಡದ ಊರಿಗಿಂತ ಬಿಸಿಲಿನ ಊರಿನಲ್ಲಿ ಲಾಭ ಜಾಸ್ತಿ.

ಹೂವಿಗೆ ಮೊದಲೇ ಗೊತ್ತಿತ್ತು

ಸೂರ್ಯಕಾಂತಿ ಸೂರ್ಯನನ್ನೇ ನೋಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಎಳೆಯ ಗಿಡದ ಮೊಗ್ಗು ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಮುಖ ಮಾಡುತ್ತದೆ. ಹೂ ಪೂರ್ತಿ ಅರಳಿ ಕಾಂಡ ಬಲಿತ ಮೇಲೆ ತಿರುಗುವುದನ್ನು ಬಿಟ್ಟು ಪೂರ್ವಕ್ಕೇ ನಿಂತುಬಿಡುತ್ತದೆ.

ಗಿಡಕ್ಕೆ ಮೋಟರ್ ಎಲ್ಲಿದೆ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 2016ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹಗಲಿನಲ್ಲಿ ಕಾಂಡದ ಪೂರ್ವದ ಬದಿ ಹೆಚ್ಚು ಬೆಳೆಯುತ್ತದೆ, ಅದರಿಂದ ತಲೆ ಪಶ್ಚಿಮಕ್ಕೆ ವಾಲುತ್ತದೆ. ರಾತ್ರಿ ಪಶ್ಚಿಮದ ಬದಿ ಹೆಚ್ಚು ಬೆಳೆದು ತಲೆ ಮತ್ತೆ ಪೂರ್ವಕ್ಕೆ ಬರುತ್ತದೆ. ಸೂರ್ಯ ಹುಟ್ಟುವ ಮೊದಲೇ ಗಿಡ ಪೂರ್ವಕ್ಕೆ ತಿರುಗಿ ಕಾದಿರುತ್ತದೆ! ಒಂದೇ ಕಡೆ ಉರಿಯುವ ದೀಪದ ಕೆಳಗೆ ಗಿಡಗಳನ್ನು ಇಟ್ಟಾಗಲೂ ಅವು ಕೆಲವು ದಿನ ಅತ್ತಿಂದಿತ್ತ ವಾಲುತ್ತಲೇ ಇದ್ದವು. ಅಂದರೆ ಗಿಡದೊಳಗೆ ಒಂದು ಗಡಿಯಾರವಿದೆ. ಬಲಿತ ಹೂ ಪೂರ್ವಕ್ಕೇ ನಿಲ್ಲುವುದಕ್ಕೂ ಕಾರಣವಿದೆ: ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಹೂವಿಗೆ ಜೇನುಹುಳುಗಳು ಹೆಚ್ಚು ಬರುತ್ತವೆ.

ಕಣ್ಣೋ, ಪಂಚಾಂಗವೋ?

ಯಂತ್ರಕ್ಕೆ ಸೂರ್ಯ ಎಲ್ಲಿದ್ದಾನೆಂದು ತಿಳಿಯುವುದು ಹೇಗೆ? ಎರಡು ದಾರಿಗಳಿವೆ.

ಮೊದಲನೆಯದು ಕಣ್ಣು. ಬೆಳಕಿಗೆ ಸ್ಪಂದಿಸುವ ಎರಡು ಪುಟ್ಟ ಬಿಡಿಭಾಗಗಳನ್ನು ಅಕ್ಕಪಕ್ಕ ಇಟ್ಟು ನಡುವೆ ಒಂದು ಅಡ್ಡಗೋಡೆ ನಿಲ್ಲಿಸುತ್ತಾರೆ. ಸೂರ್ಯ ನೇರ ಎದುರಿದ್ದರೆ ಎರಡಕ್ಕೂ ಸಮ ಬಿಸಿಲು. ಸೂರ್ಯ ಪಶ್ಚಿಮಕ್ಕೆ ಸರಿದರೆ ಗೋಡೆಯ ನೆರಳು ಪೂರ್ವದ ಕಣ್ಣಿನ ಮೇಲೆ ಬೀಳುತ್ತದೆ. ಆಗ ಮೋಟರ್ ಚಾಲೂ ಆಗಿ, ಎರಡೂ ಕಣ್ಣಿಗೆ ಬಿಸಿಲು ಸಮವಾಗುವವರೆಗೆ ಫಲಕವನ್ನು ತಿರುಗಿಸುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಮಾಡಿ ತರುವ ಟ್ರ್ಯಾಕರ್ ಸಾಮಾನ್ಯವಾಗಿ ಇದೇ. ಇದರ ತೊಂದರೆ ಎಂದರೆ ಮೋಡ. ಮೋಡದ ಅಂಚಿನಲ್ಲಿ ಬೆಳಗಿದ ಬೆಳಕನ್ನೇ ಸೂರ್ಯನೆಂದು ತಿಳಿದು ಪಾಪ ಅತ್ತ ತಿರುಗುತ್ತದೆ. ಕಣ್ಣಿನ ಮೇಲೆ ದೂಳು ಕೂತರೂ ದಾರಿ ತಪ್ಪುತ್ತದೆ.

ಎರಡನೆಯದು ಪಂಚಾಂಗ. ಅಜ್ಜ ಆಕಾಶ ನೋಡದೆಯೇ, ಇವತ್ತು ಸೂರ್ಯೋದಯ ಎಷ್ಟು ಗಂಟೆಗೆ ಎಂದು ಪಂಚಾಂಗ ತೆರೆದು ಹೇಳುತ್ತಾರಲ್ಲ, ಹಾಗೆ. ಊರಿನ ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ ಇಷ್ಟು ಗೊತ್ತಿದ್ದರೆ ಸೂರ್ಯ ಎಲ್ಲಿದ್ದಾನೆಂದು ಲೆಕ್ಕ ಹಾಕಿಬಿಡಬಹುದು. ದೊಡ್ಡ ಸ್ಥಾವರಗಳ ಟ್ರ್ಯಾಕರುಗಳು ಈ ಲೆಕ್ಕವನ್ನು ಒಂದು ಚಿಪ್ಪಿನಲ್ಲಿ ಹೊತ್ತಿರುತ್ತವೆ. ಮೋಡ ಕವಿದರೂ ಗೊಂದಲವಿಲ್ಲ. ಸಂಜೆಯ ಮೇಲೆ ಸೂರ್ಯಕಾಂತಿಯಂತೆ ತಾವೇ ಮರಳಿ ಮರುದಿನದ ಬೆಳಗಿಗೆ ಸಿದ್ಧವಾಗುತ್ತವೆ.

ಪಂಚಾಂಗದ ಟ್ರ್ಯಾಕರಿಗೆ ಇನ್ನೊಂದು ಜಾಣತನವೂ ಉಂಟು. ಸೂರ್ಯ ತೀರಾ ಕೆಳಗಿರುವಾಗ ಎಲ್ಲ ಸಾಲುಗಳೂ ಪೂರ್ತಿ ಎದ್ದು ನಿಂತರೆ ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಮೇಲೆ ಬೀಳುತ್ತದೆ. ಶಾಲೆಯ ಗುಂಪು ಫೋಟೊದಲ್ಲಿ ಮುಂದಿನವರು ಎದ್ದು ನಿಂತರೆ ಹಿಂದಿನವರ ಮುಖ ಕಾಣುವುದಿಲ್ಲವಲ್ಲ, ಹಾಗೆ. ಆದ್ದರಿಂದ ಆ ಹೊತ್ತಿನಲ್ಲಿ ಎಲ್ಲ ಸಾಲುಗಳೂ ತುಸು ತಗ್ಗಿ ಮಲಗುತ್ತವೆ. ಒಬ್ಬೊಬ್ಬರಿಗೆ ಸ್ವಲ್ಪ ನಷ್ಟ, ಒಟ್ಟಿನಲ್ಲಿ ಎಲ್ಲರಿಗೂ ಲಾಭ.

ಶಿರಡಿಯ ಅನ್ನ, ಸೂರ್ಯನ ಹಬೆ

ಸೂರ್ಯನನ್ನು ಹಿಂಬಾಲಿಸುವ ಆಸೆ ಇಂದು ನಿನ್ನೆಯದಲ್ಲ. 1913ರಲ್ಲಿ ಫ್ರಾಂಕ್ ಶುಮನ್ ಎಂಬ ಅಮೆರಿಕದ ಎಂಜಿನಿಯರ್ ಈಜಿಪ್ಟಿನ ಕೈರೋ ನಗರದ ಬಳಿಯ ಮಾದಿ ಎಂಬಲ್ಲಿ ಐದು ಉದ್ದನೆಯ ಕನ್ನಡಿಗಳನ್ನು ಹೂಡಿದ. ಒಂದೊಂದೂ ಸುಮಾರು 62 ಮೀಟರ್ ಉದ್ದ, ದೋಣಿಯಂತೆ ಒಳಬಾಗಿದ ಆಕಾರ. ಸೂರ್ಯನ ಜೊತೆ ತಿರುಗುತ್ತಿದ್ದ ಅವು ಬಿಸಿಲನ್ನು ಒಂದು ಕೊಳವೆಯ ಮೇಲೆ ಕೂಡಿಸಿ ನೀರನ್ನು ಹಬೆ ಮಾಡುತ್ತಿದ್ದವು. ಆ ಹಬೆಯ ಎಂಜಿನ್ ನೈಲ್ ನದಿಯ ನೀರನ್ನು ಮೇಲೆತ್ತುತ್ತಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. 1918ರಲ್ಲಿ ಶುಮನ್ ತೀರಿಕೊಂಡ. ಆಮೇಲೆ ಎಲ್ಲೆಡೆ ಪೆಟ್ರೋಲಿಯಂ ಎಣ್ಣೆಯ ಕಾಲ.

ಆದರೆ ಅಂಥದೇ ಉಪಾಯವನ್ನು ನಮ್ಮ ದೇಶದಲ್ಲಿ ಲಕ್ಷಾಂತರ ಭಕ್ತರು ಗೊತ್ತಿಲ್ಲದೆಯೇ ಉಂಡಿದ್ದಾರೆ! ಶಿರಡಿಗೆ ಹೋಗಿಬಂದ ಅಜ್ಜ–ಅಜ್ಜಿಯರಿಗೆ ಅಲ್ಲಿನ ಪ್ರಸಾದಾಲಯ ನೆನಪಿರುತ್ತದೆ. 2009ರಲ್ಲಿ ಅಲ್ಲಿ 73 ದೊಡ್ಡ ಕನ್ನಡಿ ಬಟ್ಟಲುಗಳನ್ನು ಹೂಡಿದರು. ಒಂದೊಂದರ ವಿಸ್ತಾರ 16 ಚದರ ಮೀಟರ್. ಅವು ಬಿಸಿಲನ್ನು ಒಟ್ಟುಗೂಡಿಸಿ ನೀರನ್ನು ಹಬೆ ಮಾಡುತ್ತವೆ, ಆ ಹಬೆಯಲ್ಲಿ ಅನ್ನ, ಬೇಳೆ ಬೇಯುತ್ತವೆ. ತಿರುಮಲ ಮತ್ತು ರಾಜಸ್ಥಾನದ ಅಬು ರೋಡಿನಲ್ಲಿಯೂ ಇಂಥ ಸೌರ ಅಡುಗೆಮನೆಗಳನ್ನು ಕಟ್ಟಿದ್ದಾರೆ.

ಈ ಬಟ್ಟಲುಗಳನ್ನು ರೂಪಿಸಿದವರು ವೋಲ್ಫ್‌ಗಾಂಗ್ ಶೆಫ್ಲರ್. 1986ರಲ್ಲಿ ಆಫ್ರಿಕದ ಕೆನ್ಯಾದಲ್ಲಿ ಮೊದಲನೆಯದನ್ನು ನಿಲ್ಲಿಸಿದರು. ಬಟ್ಟಲು ತಿರುಗುವ ಅಚ್ಚನ್ನು ಅವರು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ಇಟ್ಟರು. ಆಗ ಬಟ್ಟಲು ಭೂಮಿಯಷ್ಟೇ ವೇಗದಲ್ಲಿ, ಗಂಟೆಗೆ 15 ಡಿಗ್ರಿ ತಿರುಗಿದರೆ ಸಾಕು, ಸೂರ್ಯ ತಪ್ಪಿಸಿಕೊಳ್ಳಲಾರ. ಇದಕ್ಕೆ ಗಡಿಯಾರದಂಥ ಸರಳ ಯಂತ್ರವೇ ಸಾಕಾಗುತ್ತದೆ. ಉತ್ತರಾಯಣ–ದಕ್ಷಿಣಾಯನದ ಓಟಕ್ಕೆ ಮಾತ್ರ ಕೆಲವು ದಿನಗಳಿಗೊಮ್ಮೆ ಕೈಯಿಂದ ಸರಿಪಡಿಸಬೇಕು.

ಒಂದು ವ್ಯತ್ಯಾಸ ಗಮನಿಸಿ. ಚಪ್ಪಟೆ ಸೌರಫಲಕ ಹತ್ತು ಡಿಗ್ರಿ ದಾರಿ ತಪ್ಪಿದರೂ ಕ್ಷಮಿಸುತ್ತದೆ. ಕನ್ನಡಿ ಬಟ್ಟಲು ಕ್ಷಮಿಸುವುದಿಲ್ಲ. ಸ್ವಲ್ಪ ತಪ್ಪಿದರೂ ಕೂಡಿಸಿದ ಬೆಳಕು ಗುರಿಯ ಪಕ್ಕಕ್ಕೆ ಬೀಳುತ್ತದೆ, ಅನ್ನ ಬೇಯುವುದಿಲ್ಲ. ಫಲಕಕ್ಕೆ ಟ್ರ್ಯಾಕರ್ ಇದ್ದರೆ ಒಳ್ಳೆಯದು, ಕನ್ನಡಿಗೆ ಇರಲೇಬೇಕು.

ಬಾಹ್ಯಾಕಾಶದಲ್ಲೂ ಕೀಲೆಣ್ಣೆ

ಎತ್ತಿನ ಗಾಡಿ ಹೊಡೆದ ಅಜ್ಜಂದಿರಿಗೆ ಕೀಲೆಣ್ಣೆಯ ಬೆಲೆ ಗೊತ್ತು. ಎಣ್ಣೆ ಬತ್ತಿದ ಅಚ್ಚು ಕಿರುಗುಟ್ಟುತ್ತದೆ, ಆಮೇಲೆ ಸವೆಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಇದೇ ಪಾಠವಾಯಿತು.

ಆ ನಿಲ್ದಾಣ ಸುಮಾರು ಒಂದೂವರೆ ಗಂಟೆಗೆ ಒಮ್ಮೆ ಭೂಮಿಯನ್ನು ಸುತ್ತುತ್ತದೆ. ಅದರ ರೆಕ್ಕೆಯಂಥ ಸೌರಫಲಕಗಳು ಸೂರ್ಯನ ಕಡೆಗೆ ಮುಖವಿಡಲು ದೊಡ್ಡ ಕೀಲುಗಳ ಮೇಲೆ ಸದಾ ತಿರುಗುತ್ತಿರಬೇಕು. 2007ರಲ್ಲಿ ಒಂದು ಬದಿಯ ಕೀಲು ಅದುರತೊಡಗಿತು. ಗಗನಯಾತ್ರಿಗಳು ಹೊರಗೆ ಹೋಗಿ ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ಲೋಹದ ಪುಡಿ! ಉಕ್ಕಿನ ಉಂಗುರ ಜಾರುವಿಕೆ ಸಾಲದೆ ತೇಯ್ದುಹೋಗಿತ್ತು. 2008ರ ನವೆಂಬರಿನಲ್ಲಿ ಗಗನಯಾತ್ರಿಗಳು ಅದನ್ನು ಒರೆಸಿ, ಗ್ರೀಸ್ ಬಳಿದು, ಬೇರಿಂಗ್‌ಗಳನ್ನು ಬದಲಿಸಿದರು. ಆ ಕೆಲಸದ ನಡುವೆ ಹೈಡಮರಿ ಸ್ಟೆಫಾನಿಶಿನ್ ಪೈಪರ್ ಅವರ ಚೀಲದಲ್ಲಿ ಗ್ರೀಸ್ ಸೋರಿತು. ಅದನ್ನು ಒರೆಸುತ್ತಿರುವಾಗ ಉಪಕರಣಗಳ ಒಂದು ಚೀಲ ಕೈತಪ್ಪಿ ತೇಲಿ ದೂರ ಹೋಯಿತು. ಮರುವರ್ಷ ಅದು ವಾತಾವರಣಕ್ಕೆ ಬಿದ್ದು ಉರಿದುಹೋಯಿತು.

ಹಾಗಾದರೆ ನಮ್ಮ ಮನೆಗೂ ಬೇಕೇ?

ಇಲ್ಲಿ ತುಸು ಯೋಚಿಸಬೇಕು. ತಿರುಗುವ ಭಾಗ ಇದ್ದಲ್ಲಿ ಸವೆತವೂ ಇದೆ, ರಿಪೇರಿಯೂ ಇದೆ. ಎತ್ತರದ ತಾರಸಿಯಲ್ಲಿ ಎದ್ದು ನಿಂತ ಫಲಕವನ್ನು ಗಾಳಿ ಹಾಯಿಯಂತೆ ತಳ್ಳುತ್ತದೆ. ದೊಡ್ಡ ಸ್ಥಾವರಗಳಲ್ಲಿ ಬಿರುಗಾಳಿ ಬಂದಾಗ ಟ್ರ್ಯಾಕರುಗಳು ಫಲಕಗಳನ್ನು ಗಾಳಿಗೆ ಸಿಗದ ಕೋನಕ್ಕೆ ತಾವೇ ತಂದುಕೊಳ್ಳುತ್ತವೆ, ಅಷ್ಟೆಲ್ಲ ಏರ್ಪಾಡು ಮನೆಗೆ ದುಬಾರಿ. ಫಲಕದ ಬೆಲೆ ಈಗ ಬಹಳ ಇಳಿದಿದೆ. ಹಾಗಾಗಿ ಮನೆಗೆ ಟ್ರ್ಯಾಕರ್ ಕೊಳ್ಳುವ ದುಡ್ಡಿನಲ್ಲಿ ಇನ್ನೊಂದು ಫಲಕ ಹಾಕಿಸುವುದೇ ಲೇಸು. ದಕ್ಷಿಣಕ್ಕೆ ತುಸು ವಾಲಿಸಿ, ಮರದ ನೆರಳು ತಪ್ಪಿಸಿ, ದೂಳು ಒರೆಸುತ್ತಿದ್ದರೆ ಸಾಕು.

ಟ್ರ್ಯಾಕರಿಗೆ ಜಾಗವೂ ಹೆಚ್ಚು ಬೇಕು, ನೆರಳು ತಪ್ಪಿಸಲು ಸಾಲುಗಳ ನಡುವೆ ಅಂತರ ಬಿಡಬೇಕಲ್ಲ. ಒಂದೊಂದು ಫಲಕದ ಲೆಕ್ಕದಲ್ಲಿ ವಿದ್ಯುತ್ತು ಹೆಚ್ಚಿದರೂ ಒಂದೊಂದು ಎಕರೆಯ ಲೆಕ್ಕದಲ್ಲಿ ಹಾಗೇ ಹೆಚ್ಚುತ್ತದೆ ಎನ್ನುವಂತಿಲ್ಲ. ಜಾಗವೆಂದರೆ ಯಾರದೋ ಹೊಲ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ 2,050 ಮೆಗಾವಾಟಿನದು. ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಅದಕ್ಕಾಗಿ ರೈತರಿಂದ ಗುತ್ತಿಗೆಗೆ ಪಡೆದರು. ಬರದ ಸೀಮೆಯ ರೈತರಿಗೆ ವರ್ಷ ವರ್ಷ ಬಾಡಿಗೆ ಬರುವುದು ನಿಜ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದವರ ಕೈಗೆ ಆ ಬಾಡಿಗೆ ಬರುವುದಿಲ್ಲ ಎಂಬುದೂ ನಿಜ. ಬಿಸಿಲು ಪುಕ್ಕಟೆಯಾದರೂ ಅದನ್ನು ಹಿಡಿಯುವ ನೆಲ ಪುಕ್ಕಟೆಯಲ್ಲ.

ಅಜ್ಜನೇ ಟ್ರ್ಯಾಕರ್

ಹೊಲದ ಸೌರ ಪಂಪ್‌ಸೆಟ್ಟಿನ ಕಥೆ ಬೇರೆ. ಆಳದ ಕೊಳವೆಬಾವಿಯ ನೀರು ಮೇಲೆ ಬರಬೇಕಾದರೆ ಪಂಪಿಗೆ ಇಷ್ಟು ಶಕ್ತಿ ಎಂಬುದು ಸಿಗಲೇಬೇಕು. ಅದಕ್ಕಿಂತ ಕಡಿಮೆಯಾದರೆ ಮೋಟರ್ ತಿರುಗಿದರೂ ನೀರು ಬಾರದು. ಫಲಕ ಓರೆಯಾಗಿದ್ದರೆ ಬೆಳಿಗ್ಗೆ ನೀರು ತಡವಾಗಿ ಶುರುವಾಗುತ್ತದೆ, ಸಂಜೆ ಬೇಗ ನಿಲ್ಲುತ್ತದೆ. ಕೊನೆಯ ಸಾಲಿನ ಗಿಡಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಎಂಬುದು ಆ ಒಂದೆರಡು ಗಂಟೆಯ ಮೇಲೆ ನಿಂತಿರುತ್ತದೆ.

ಅದಕ್ಕೇ ಕೆಲವು ಸೌರ ಪಂಪ್‌ಸೆಟ್ಟುಗಳ ಚೌಕಟ್ಟಿನಲ್ಲಿ ಫಲಕವನ್ನು ಕೈಯಿಂದ ದಿನಕ್ಕೆ ಮೂರು ಸಲ ತಿರುಗಿಸುವ ಏರ್ಪಾಡು ಕೊಟ್ಟಿರುತ್ತಾರೆ. ಮೂರೇ ಸಲ ಸಾಕೇ? ಮೊದಲು ನೆನಪಿಟ್ಟುಕೊಂಡ ಕೊಸೈನ್ ಈಗ ಬೇಕು. ಸೂರ್ಯ 12 ಗಂಟೆಗೆ ನೆತ್ತಿಗೆ ಬರುತ್ತಾನೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಫಲಕ ಪೂರ್ವಕ್ಕೆ 45 ಡಿಗ್ರಿ, ಹತ್ತೂವರೆಗೆ ಮಟ್ಟಸ, ಒಂದೂವರೆಗೆ ಪಶ್ಚಿಮಕ್ಕೆ 45 ಡಿಗ್ರಿ. ಹೀಗೆ ಮಾಡಿದರೆ ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಪೂರ್ವ–ಪಶ್ಚಿಮದ ಓರೆ ಇಪ್ಪತ್ತೆರಡೂವರೆ ಡಿಗ್ರಿಯನ್ನು ಮೀರುವುದಿಲ್ಲ. ಆ ಕೋನದ ಕೊಸೈನ್ 0.92. ಸೂರ್ಯನಿಗೆ ನೇರ ಎದುರಾಗಿದ್ದರೆ ಸಿಗುವ ನೂರರಲ್ಲಿ 92ಕ್ಕಿಂತ ಕಡಿಮೆ ಎಂದೂ ಇಲ್ಲ! ಮೋಟರಿಲ್ಲ, ಚಿಪ್ಪಿಲ್ಲ, ಬೇಕಾದದ್ದು ಮರೆಯದ ಒಬ್ಬ ಮನುಷ್ಯ. (ಕರ್ನಾಟಕದಲ್ಲಿ ನಮ್ಮ ಗಡಿಯಾರದ ಪ್ರಕಾರ ಸೂರ್ಯ ನೆತ್ತಿಗೆ ಬರುವುದು ಸಾಮಾನ್ಯವಾಗಿ 12 ಕಳೆದು ಸುಮಾರು ಇಪ್ಪತ್ತು ನಿಮಿಷಕ್ಕೆ. ಭಾರತದ ಗಡಿಯಾರ ಹೊಂದಿಸಿರುವ ರೇಖಾಂಶಕ್ಕಿಂತ ನಾವು ಪಶ್ಚಿಮದಲ್ಲಿದ್ದೇವೆ. ತಿರುಗಿಸುವ ಹೊತ್ತನ್ನೂ ಅಷ್ಟೇ ಮುಂದೆ ಹಾಕಿ.)

ಹತ್ತೂವರೆಗೆ ಮಕ್ಕಳು ಶಾಲೆಯಲ್ಲಿರುತ್ತಾರೆ. ಆ ಸರದಿ ಅಜ್ಜನದು. ಊಟದ ಹೊತ್ತಿನ ಸರದಿಯೂ ಅವರದೇ. ಸಂಜೆ ಸೂರ್ಯ ಮುಳುಗಿದ ಮೇಲೆ ಫಲಕವನ್ನು ಮತ್ತೆ ಪೂರ್ವಕ್ಕೆ ತಿರುಗಿಸಿಡುವ ಕೆಲಸವನ್ನು ಶಾಲೆಯಿಂದ ಬಂದವರು ಮಾಡಬಹುದು. ಅದು ಮರೆತರೆ ಮರುದಿನ ಬೆಳಗಿನ ಬಿಸಿಲು ಫಲಕದ ಬೆನ್ನಿಗೆ ಬೀಳುತ್ತದೆ.

ಮಾಡಿ ನೋಡಿ

ಬೇಕಾದದ್ದು: ಗಟ್ಟಿ ರಟ್ಟು, ಒಂದು ಬೆಂಕಿಕಡ್ಡಿ, ಅಂಟು, ಕೋನಮಾಪಕ, ಜೊತೆಗೆ ಒಬ್ಬ ಅಜ್ಜ ಅಥವಾ ಅಜ್ಜಿ.

1. ರಟ್ಟಿನ ನಡುವೆ ಬೆಂಕಿಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಅಂಟಿಸಿ.

2. ಬೆಳಿಗ್ಗೆ ಒಂಬತ್ತಕ್ಕೆ ರಟ್ಟಿನ ಪಶ್ಚಿಮದ ಅಂಚನ್ನು ಎತ್ತುತ್ತಾ ಪೂರ್ವಕ್ಕೆ ವಾಲಿಸಿ. ಕಡ್ಡಿಯ ನೆರಳು ಅತಿ ಚಿಕ್ಕದಾದಾಗ ನಿಲ್ಲಿಸಿ. ಈಗ ರಟ್ಟು ಸೂರ್ಯನ ಕಡೆಗೆ ಮುಖ ಮಾಡಿದೆ.

3. ರಟ್ಟು ನೆಲದಿಂದ ಎಷ್ಟು ಡಿಗ್ರಿ ಎದ್ದಿದೆ ಎಂದು ಅಳೆದು ಬರೆದುಕೊಳ್ಳಿ. ಗಂಟೆಗೊಮ್ಮೆ ಹೀಗೆ ಮಾಡಿ.

ಯುಗಾದಿಯ ಆಸುಪಾಸಿನಲ್ಲಿ ಮಾಡಿದರೆ ಗಂಟೆಗೆ ಸುಮಾರು 15 ಡಿಗ್ರಿ ಬದಲಾಗುವುದು ನಿಮಗೇ ಕಾಣುತ್ತದೆ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ, ಕಣ್ಣಿಗೆ ಅಪಾಯ. ನೆರಳನ್ನು ನೋಡಿದರೆ ಸಾಕು, ಅವನು ಎಲ್ಲಿದ್ದಾನೆಂದು ಅದೇ ಹೇಳುತ್ತದೆ.